ಬಾಗಿಲ ಪಕ್ಕದ ಗಾಳಿ

ಕಾರ್ಖಾನೆಗಳ ಆರೋಗ್ಯ ತಪಾಸಣಾಧಿಕಾರಿಗಳೇ,

ಕಳೆದ ತಿಂಗಳು ನಿಮ್ಮ ಕಚೇರಿ ಒಬ್ಬ ಕಾರ್ಮಿಕ ಮಹಿಳೆಯ ಪರಿಹಾರದ ಅರ್ಜಿಯನ್ನು ತಿರಸ್ಕರಿಸಿತು. ಆಕೆ ಹತ್ತೊಂಬತ್ತು ವರ್ಷ ದುಡಿದ ವಿಭಾಗದಲ್ಲಿ ಹತ್ತಿಯ ಧೂಳು ಮಿತಿಯೊಳಗಿತ್ತಂತೆ; ಹಾಗಾಗಿ ಆಕೆಯ ಉಬ್ಬಸಕ್ಕೂ ಗಿರಣಿಗೂ ಸಂಬಂಧವಿಲ್ಲವಂತೆ. ಇದಕ್ಕೆ ಆಧಾರವಾದ ವರದಿ ಸುಳ್ಳು. ನಾನಿದನ್ನು ಖಚಿತವಾಗಿ ಹೇಳಬಲ್ಲೆ, ಏಕೆಂದರೆ ಅದನ್ನು ಬರೆದವನು ನಾನೇ.

ನಾನು ಆ ಗಿರಣಿಯ ಜವಳಿ ತಂತ್ರಜ್ಞನಾಗಿದ್ದೆ. ನೂಲಿನ ಬಲ, ಎಳೆಯ ಉದ್ದ, ಗಾಳಿಯ ತೇವ, ಧೂಳು ಎಲ್ಲವನ್ನೂ ಅಳೆಯುವುದು ನನ್ನ ಕೆಲಸ. ವರ್ಷಕ್ಕೊಮ್ಮೆ ತಾವು ಬರುವ ಸುದ್ದಿ ತಮಗಿಂತ ಎಂಟು ದಿನ ಮೊದಲೇ ಬರುತ್ತಿತ್ತು. ಮೇಲಿನವರು "ಸ್ವಲ್ಪ ನೋಡ್ಕೊಳ್ಳಿ" ಅನ್ನುತ್ತಿದ್ದರು. ನೋಡಿಕೊಳ್ಳುತ್ತಿದ್ದೆ. ಹತ್ತಿ ಹಿಂಜುವ ಹದಿನಾರು ಯಂತ್ರಗಳಲ್ಲಿ ಹನ್ನೊಂದನ್ನು 'ರಿಪೇರಿ' ಎಂದು ನಿಲ್ಲಿಸುತ್ತಿದ್ದೆ, ನೆಲಕ್ಕೆ ನೀರು ಚಿಮುಕಿಸಿ ಮಾಪಕವನ್ನು ಬಾಗಿಲ ಪಕ್ಕ ಇಡಿಸುತ್ತಿದ್ದೆ. ಅಲ್ಲೇ ನಿಂತು ತಾವು "ಗಾಳಿ ಚೆನ್ನಾಗಿದೆ" ಎನ್ನುತ್ತಿದ್ದಿರಿ. ಬಾಗಿಲಲ್ಲಿ ಗಾಳಿ ಚೆನ್ನಾಗಿರದೆ ಇನ್ನೇನು ಸ್ವಾಮಿ? ಪ್ರತಿ ವರ್ಷ ತಾವು ಬಂದ ದಿನವೇ ಹನ್ನೊಂದು ಯಂತ್ರ ಕಾಯಿಲೆ ಬೀಳುವುದು ತಮಗೆ ಒಮ್ಮೆಯಾದರೂ ಸೋಜಿಗವೆನಿಸಲಿಲ್ಲವೇ?

ಅರ್ಜಿ ಹಾಕಿದ ಆಕೆಯನ್ನು ಗಿರಣಿಯಲ್ಲಿ ಎಲ್ಲರೂ ಬಿರುಗಾಳಿ ಅಕ್ಕ ಎನ್ನುತ್ತಿದ್ದರು. ಯಂತ್ರದಿಂದ ಯಂತ್ರಕ್ಕೆ ಓಡಾಟ ಹಾಗಿತ್ತು. ನಾನು ಹೊಸಬನಾಗಿದ್ದಾಗ ಹತ್ತಿಯನ್ನು ಬೆರಳಲ್ಲೇ ಎಳೆದು ನೋಡುವುದನ್ನು ಕಲಿಸಿದ್ದು ಆಕೆಯೇ. "ಕಾಲೇಜು ಓದಿದ್ರೆ ಸಾಲ್ದಪ್ಪ, ಬೆರಳೂ ಓದ್ಬೇಕು" ಎಂದು ನಗುತ್ತಿದ್ದಳು. ಬರಬರುತ್ತಾ, ವಾರದ ರಜೆ ಮುಗಿಸಿ ಬಂದ ದಿನವೆಲ್ಲ "ಎದೆ ಮೇಲೆ ಯಾರೋ ಕೂತಂಗಾಗುತ್ತೆ" ಅನ್ನತೊಡಗಿದಳು. ಹತ್ತಿ ಧೂಳಿನ ಕಾಯಿಲೆ ಶುರುವಾಗುವುದೇ ಹೀಗೆ. ಇದನ್ನು ಪರೀಕ್ಷೆಯಲ್ಲಿ ಬರೆದು ಅಂಕ ಗಿಟ್ಟಿಸಿದವನು ನಾನು. ಆಕೆಗೆ ಹೇಳಿದ್ದು ಮಾತ್ರ, "ಬಿಸಿನೀರು ಕುಡಿಯಕ್ಕ."

ನಿಮ್ಮ ಪತ್ರ ಹಿಡಿದು ಆಕೆ ಬಂದದ್ದೂ ನನ್ನ ಬಳಿಗೇ. ಪ್ರಯೋಗಾಲಯಕ್ಕೆ ಹನ್ನೆರಡು ಮೆಟ್ಟಿಲು. ಮೂರು ಕಡೆ ನಿಂತು ಹತ್ತಿದಳು.

"ಓದಿ ಹೇಳಪ್ಪ, ಏನೋ ದೊಡ್ಡ ದೊಡ್ಡ ಮಾತು ಬರ್ದಿದ್ದಾರೆ."

ಓದಿದೆ. ಕೊನೆಯಲ್ಲಿ ನನ್ನ ಹುದ್ದೆ, ನನ್ನ ರುಜುವಿನ ಉಲ್ಲೇಖ. ಆ ಸಾಲನ್ನು ನುಂಗಿ ಕಾಗದ ಮಡಚಿದೆ.

"ಅಷ್ಟೇನಾ?"

"ಅಷ್ಟೇ ಅಕ್ಕ."

"ಅಳೆದೋರು ಸರಿಯಾಗೇ ಅಳೆದಿರ್ತಾರೆ ಬಿಡು. ನನ್ ಎದೇನೇ ಸರಿಯಿಲ್ಲ." ನನಗೇ ಸಮಾಧಾನ ಹೇಳಿ ಇಳಿದು ಹೋದಳು.

ಮೂರು ದಿನ ಕೂತು ಹಳೆಯ ಅಳತೆ ಪುಸ್ತಕಗಳಿಂದ ನಿಜವಾದ ಅಂಕಿಗಳನ್ನು ನಕಲು ಮಾಡಿಕೊಂಡೆ. ನಾಲ್ಕನೆಯ ದಿನ ಆಕೆಯ ಮನೆಗೆ ಹೋಗಿ, ಬಿಟ್ಟ ಸಾಲನ್ನು ಓದಿ, ಆ ಅಳತೆ ಸುಳ್ಳೆಂದು ಹೇಳಿದೆ. ಬೈದಿದ್ದರೆ ಹಗುರಾಗುತ್ತಿದ್ದೆ. ಆಕೆ ಉಸಿರು ಕೂಡಿಸಿಕೊಂಡು ಕೇಳಿದ್ದು ಇಷ್ಟೇ: "ಒಳಗೆ ಇನ್ನೂ ಅಷ್ಟು ಜನ ಇದ್ದಾರಲ್ಲ, ಅವರಿಗೆ ಹೇಳಿದ್ಯಾ?"

ಮರುದಿನ ಪಾಳಿ ಬದಲಾಗುವಾಗ ಗೇಟಿನಲ್ಲಿ ನಿಂತು ಹೇಳಿದೆ. ಸಂಜೆಯೊಳಗೆ ಕೆಲಸ ಹೋಯಿತು. ದಯವಿಟ್ಟು ಯಾರೂ ಇದನ್ನು ಧೈರ್ಯ ಎನ್ನಬೇಡಿ. ಇಷ್ಟು ವರ್ಷ ಸುಮ್ಮನಿದ್ದವನ ಬಾಯಿಗೆ ಆ ಮಾತು ಒಪ್ಪುವುದಿಲ್ಲ.

ಎಲ್ಲ ಯಂತ್ರಗಳೂ ಓಡುವಾಗ ಅಳೆದ ನಿಜವಾದ ಅಂಕಿಗಳನ್ನು ಲಗತ್ತಿಸಿದ್ದೇನೆ. ಆಕೆಯ ಅರ್ಜಿಯನ್ನು ಮತ್ತೆ ತೆರೆಯಿರಿ. ಹೇಳದೆ ಕೇಳದೆ ಗಿರಣಿಗೆ ಬನ್ನಿ. ಯಂತ್ರಗಳ ಬಳಿ ಹೆಂಗಸರು ನಿಲ್ಲುವಲ್ಲಿ ಒಂದು ಪಾಳಿ ನಿಂತು ಉಸಿರಾಡಿ. ನನ್ನ ಮೇಲೂ ಕ್ರಮ ಕೈಗೊಳ್ಳಿ, ನಿಮ್ಮ ಮೇಲೂ.

ಇಂತಿ,
ನಿಮ್ಮ ಕಡತಗಳಲ್ಲಿ ಇಂದಿಗೂ 'ವಿಶ್ವಾಸಾರ್ಹ ತಜ್ಞ' ಎಂದು ನಮೂದಾಗಿರುವವನು