ಮೆಥಡಿಸ್ಟ್ ಎನ್ನಲು ಕಲಿತದ್ದು

ಕಾವೂರು, ಮಂಗಳೂರು

ಪ್ರೀತಿಯ ಆನಿಗೆ,

ನೀನು ಕಂಕನಾಡಿಯ ಆಸ್ಪತ್ರೆಯಲ್ಲಿ ಮಾತು ಕಲಿಸುವ ಕೆಲಸ ಬಿಟ್ಟು ನಿನ್ನೂರು ಬೀದರಿಗೆ ಹೊರಟ ದಿನ ನಿನ್ನನ್ನು ಬೀಳ್ಕೊಡಲು ನಾನೂ ಬಂದಿದ್ದೆ. ಹೇಳಬೇಕೆಂದಿದ್ದ ಮಾತುಗಳನ್ನು ಹೇಳದೆಯೇ ಮರಳಿದೆ. ಆವತ್ತು ಅದಕ್ಕೆ ಕಾರಣ ನನ್ನ ಕಾಯಿಲೆಯಲ್ಲ. ಹಾಗಾಗಿ ಬರೆಯುತ್ತಿದ್ದೇನೆ.

ಪಾರ್ಶ್ವವಾಯು ಬಡಿದ ಮೇಲೆ ನನ್ನ ಕೈಕಾಲು ಬೇಗ ಸುಧಾರಿಸಿದವು, ನಾಲಿಗೆ ಮಾತ್ರ ಹೊರಳಲಿಲ್ಲ. ವರ್ಷಗಟ್ಟಲೆ ಅರ್ಚಕನಾಗಿದ್ದವನು ಮೊದಲ ಸಲ ಮತ್ತೆ ದೇವರೆದುರು ನಿಂತು ಸಂಕಲ್ಪ ಹೇಳಲು ಬಾಯಿ ತೆರೆದಾಗ ಶಬ್ದಗಳು ಗಂಜಿಯ ಹಾಗೆ ಸೋರಿದವು. ಹಿಂದಿನಿಂದ ಯಾರೋ ಕಿಸಕ್ಕನೆ ನಕ್ಕರು. ಅಂದಿನಿಂದ ಪೂಜೆಯನ್ನು ಮಗ ವಿಷ್ಣುಪ್ರಸಾದನಿಗೆ ಬಿಟ್ಟೆ, ಮಾತನ್ನೂ ಬಿಟ್ಟೆ. ಹೆಂಡತಿ ಊರ್ಮಿಳಾ ಊಟಕ್ಕೆ ಕರೆದರೂ ತಲೆಯಾಡಿಸುತ್ತಿದ್ದೆ ಅಷ್ಟೇ.

ಅವಳೇ ಹಠ ಹಿಡಿದು ನನ್ನನ್ನು ನಿನ್ನ ಬಳಿ ಕರೆತಂದಳು. "ನಿಮಗ ಬಾಯಿಪಾಠ ಇರೂದನ್ನ ಹೇಳ್ರಿ ಕಾಕಾ, ಮಂತ್ರಾನೇ ಹೇಳ್ರಿ" ಎಂದೆ ನೀನು. ಮಂತ್ರವನ್ನು ಸೊಟ್ಟಗೆ ಹೇಳುವುದಕ್ಕಿಂತ ಹೇಳದಿರುವುದೇ ವಾಸಿ ಎಂದು ನಾನು ಕಾಗದದಲ್ಲಿ ಬರೆದು ತೋರಿಸಿದೆ. ನೀನು ಒತ್ತಾಯಿಸಲಿಲ್ಲ, ಆದರೆ ನನ್ನನ್ನು ವಾಪಸ್ಸು ಕಳಿಸಲೂ ಇಲ್ಲ.

ಗುಡ್ ಫ್ರೈಡೆಗೆ ರಜೆ ಎಂದು ನೀನು ಹೇಳಿದಾಗ, "ಕ್ಯಾಥೋಲಿಕ್ಕಾ?" ಎಂದು ಬರೆದು ಕೇಳಿದೆ. ನಮ್ಮ ಊರಿನಲ್ಲಿ ಮೊದಲು ಹೊಳೆಯುವುದು ಅದೇ. "ಅಲ್ರಿ ಕಾಕಾ, ಮೆಥಡಿಸ್ಟ್" ಎಂದೆ. ನಿನ್ನ ಪಿಜಿ ನಡೆಸುವ ಸುಹರಾ ಅವರು ಇದೇ ಉತ್ತರ ಕೇಳಿ, "ಎಂತ ಅದು, ಡೆಂಟಿಸ್ಟ್ ಹಾಗೆ ಡಾಕ್ಟರಾ?" ಎಂದದ್ದನ್ನು ನೀನು ಅಭಿನಯಿಸಿ ತೋರಿಸಿದಾಗ ನನಗೆ ನಗು ತಡೆಯಲಾಗಲಿಲ್ಲ. ನಗುವಿನ ನಡುವೆಯೇ ಆ ಶಬ್ದವನ್ನು ಹೇಳಲು ಹೋದೆ. "ಮೆತ್ತದಿತ್" ಎಂದಾಯಿತು. ನಾಚಿಕೆಯಿಂದ ಬಾಯಿಗೆ ಕೈ ಅಡ್ಡ ಹಿಡಿದೆ.

"ಹೇಳ್ರಿ, ಇನ್ನೊಮ್ಮೆ ಹೇಳ್ರಿ. ಆ ಹೆಸರು ಹುಟ್ಟಿದ್ದೇ ಮಂದಿ ನಕ್ಕಿದ್ದಕ್ಕ" ಎಂದೆ ನೀನು. ಇಂಗ್ಲೆಂಡಿನಲ್ಲಿ ಹಿಂದೊಮ್ಮೆ ಕಾಲೇಜಿನ ಕೆಲವರು ಹೊತ್ತುಹೊತ್ತಿಗೆ ಪ್ರಾರ್ಥಿಸಿ, ಉಪವಾಸವಿದ್ದು, ಜೈಲಿನಲ್ಲಿದ್ದವರನ್ನು ನೋಡಿ ಬರುತ್ತಿದ್ದರಂತೆ. ಎಲ್ಲದಕ್ಕೂ ಒಂದು ಕ್ರಮ, ಅಂದರೆ ಮೆಥಡ್, ಹಿಡಿದವರು ಎಂದು ಉಳಿದವರು ಗೇಲಿ ಮಾಡಿ ಇಟ್ಟ ಅಡ್ಡಹೆಸರೇ ಮೆಥಡಿಸ್ಟ್. ಅವರು ಸಿಟ್ಟಾಗದೆ ಅದನ್ನೇ ಹೆಸರಾಗಿ ಇಟ್ಟುಕೊಂಡರು. ಹಾಗಾದರೆ ಹೊತ್ತು ತಪ್ಪದೆ ಸಂಧ್ಯಾವಂದನೆ ಮಾಡುವ ನಾನು ಯಾರು ಎಂದು ಬರೆದೆ. "ಇಂಗ್ಲಿಷಿನಾಗ ಸಣ್ಣ ಎಮ್ ಹಾಕಿದ್ರ ನೀವೂ ಮೆಥಡಿಸ್ಟೇ. ದೊಡ್ಡ ಎಮ್ ಹಾಕಿದ್ರ ನಮ್ಮ ಚರ್ಚಿನವರು" ಎಂದು ನೀನು ನಕ್ಕೆ.

ಆ ಶಬ್ದವನ್ನು ಕೆಡಿಸಿದರೆ ಪಾಪ ತಟ್ಟುವ ಭಯ ನನಗಿರಲಿಲ್ಲ. ಮನೆಯಲ್ಲಿ ಅದನ್ನೇ ಹಿಡಿದು ಕುಳಿತೆ. ಮಕಾರಕ್ಕೆ ತುಟಿ ಕೂಡಬೇಕು, ಥಕಾರಕ್ಕೆ ನಾಲಿಗೆ ಹಲ್ಲಿಗೆ ತಾಗಬೇಕು, ಡಕಾರಕ್ಕೆ ಮೇಲಕ್ಕೆ ಮಡಚಬೇಕು. ಕೊನೆಯ ಒತ್ತಕ್ಷರವಂತೂ ಬೆವರಿಳಿಸುತ್ತಿತ್ತು. "ದೇವರ ನಾಮ ಬಿಟ್ಟು ಇದೆಂತ ಜಪ ಮಾರಾಯ್ರೇ!" ಎಂದು ಊರ್ಮಿಳಾ ಅಡುಗೆಮನೆಯಿಂದ ಕೂಗುತ್ತಿದ್ದಳು. ದನಿಯಲ್ಲಿ ಸಂತೋಷವಿತ್ತು. ಅವಳು ನನ್ನ ದನಿ ಕೇಳದೆ ಬಹಳ ಕಾಲವಾಗಿತ್ತು.

ಕೊನೆಗೊಂದು ದಿನ ನಿನ್ನೆದುರು ಆ ಶಬ್ದ ಇಡಿಯಾಗಿ ಬಂತು. ನೀನು ಎದ್ದು ಕಿಟಕಿಯ ಕಡೆ ತಿರುಗಿ ಕಣ್ಣೊರೆಸಿಕೊಂಡದ್ದನ್ನು ನಾನು ನೋಡಿದೆ. "ಈಗ ನಿಮ್ದೊಂದು ಹೇಳ್ರಿ" ಎಂದೆ ನೀನು. ನಾನು ಮಂತ್ರ ಹೇಳಲಿಲ್ಲ. ನಮ್ಮ ಮಗಳ ಹೆಸರು ಹೇಳಿದೆ, "ಸ್ಮೃತಿ" ಎಂದು. ಸ್ವಲ್ಪ ಒರಟಾಗಿತ್ತು, ಆದರೆ ಅವಳದೇ ಹೆಸರಾಗಿತ್ತು.

ಈಗ ಬೆಳಗಿನ ಪೂಜೆ ವಿಷ್ಣುಪ್ರಸಾದನದ್ದು, ಭಕ್ತರ ಸಂಕಲ್ಪ ನನ್ನದು. ಮೊನ್ನೆ ಒಬ್ಬ ಅಜ್ಜಿಯ ಮೊಮ್ಮಗನ ನಕ್ಷತ್ರ ಹೇಳುವಾಗ ಎಡವಿದೆ. ಆಚೆ ನಿಂತಿದ್ದ ಯುವಕನೊಬ್ಬ ನಕ್ಕ. ನಾನು ನಿಲ್ಲಿಸಲಿಲ್ಲ, ಮೊದಲಿನಿಂದ ಹೇಳಿದೆ. ಅಜ್ಜಿ ಕೈಮುಗಿದು, "ನಿಧಾನ ಹೇಳಿ ಭಟ್ರೇ, ನಮಗೆ ಅರ್ಜೆಂಟ್ ಎಂತ ಇಲ್ಲ" ಎಂದರು.

ಇವತ್ತು ನಿನ್ನ ಹೆಸರಿನಲ್ಲೂ ಒಂದು ಸಂಕಲ್ಪ ಮಾಡಿದೆ. ನಿನ್ನ ಗೋತ್ರ, ನಕ್ಷತ್ರ ನನಗೆ ಗೊತ್ತಿಲ್ಲ. ಆನಿ, ಊರು ಬೀದರ್, ಮಾತು ಕಲಿಸುವವಳು ಎಂದೆ. ದೇವರಿಗೆ ಅಷ್ಟು ಗುರುತು ಸಾಕು.

ನಿನ್ನೆದುರು ತಡವರಿಸುತ್ತ ಕುಳಿತವರಿಗೆಲ್ಲ ಅವರ ಮಾತು ಮರಳಲಿ; ನಿನ್ನ ಮನೆಯಲ್ಲಿ ಸದಾ ನಗುವಿರಲಿ ಎಂದು ಹರಸುವ,

ನಿನ್ನ ಕಾಕಾ
ಯಜ್ಞನಾರಾಯಣ