ಅಪ್ಪನ ಲ್ಯಾಬಿನ ಹಳೆಯ ಕಂಪ್ಯೂಟರ್

ಮನೆಯಿಂದ,
ಮಾರ್ಚ್ ೯, ಭಾನುವಾರ ಬೆಳಿಗ್ಗೆ

ನನ್ನ ಮುದ್ದು ಮಗಳೇ,

ಕೆಮ್ಮು ಕಡಿಮೆಯಾಯಿತಾ? ಬಿಸಿನೀರು ಕುಡಿ ಎಂದರೆ ಫೋನಿನಲ್ಲಿ ಹೂಂಗುಟ್ಟುತ್ತೀಯ, ಕುಡಿಯುವುದಿಲ್ಲ, ನನಗೆ ಗೊತ್ತು. ಆಸ್ಪತ್ರೆಯಲ್ಲಿ ನಿನ್ನ ಕೆಲಸ ಕಾಯಂ ಆಯಿತೆಂದು ಕೇಳಿ ಹೊಟ್ಟೆ ತಣ್ಣಗಾಯಿತು. ನಾನು ಚೆನ್ನಾಗಿದ್ದೇನೆ. ಅಪ್ಪನಿಗೆ ಮಾತ್ರ ಊಟ ಸೇರುತ್ತಿಲ್ಲ.

ರಕ್ತಪರೀಕ್ಷೆಯ ಯಂತ್ರಕ್ಕೆ ಜೋಡಿಸಿದ ಆ ಹಳೆಯ ಕಂಪ್ಯೂಟರ್ ಇತ್ತಲ್ಲ, ಕಿಟಕಿ ಪಕ್ಕದ್ದು, ಅದನ್ನು ಬದಲಾಯಿಸಿ ಎಂದು ನೀನು ಎಷ್ಟು ಗೋಗರೆದಿದ್ದೆ. “ಅಪ್ಪಾ, ಈ ಆಪರೇಟಿಂಗ್ ಸಿಸ್ಟಮ್ ಮಾಡಿದೋರೇ ಇದರ ಕೈಬಿಟ್ಟಿದ್ದಾರೆ, ವೈರಸ್ ಬಂದ್ರೆ ತಡೆಯೋಕೆ ಏನೂ ಇಲ್ಲ. ಹೋಗ್ಲಿ, ಇಂಟರ್ನೆಟ್ ಆದ್ರೂ ಕಿತ್ತುಹಾಕಿ” ಅಂದಿದ್ದೆ. ಹೊಸ ಸಿಸ್ಟಮ್ ಹಾಕಿದರೆ ಯಂತ್ರ ಅದರ ಮಾತು ಕೇಳುವುದಿಲ್ಲ, ಯಂತ್ರವನ್ನೂ ಹೊಸದು ತರಬೇಕು ಎನ್ನುವುದು ಅಪ್ಪನ ತಕರಾರು. ಕೆಲಸದವರೆಲ್ಲರ ಎದುರಿಗೆ, “ನಾನೂ ಹಳಬನೇ ಕಣೇ, ನನ್ನನ್ನೂ ಗುಜರಿಗೆ ಹಾಕ್ತೀಯಾ?” ಎಂದರು. ಎಲ್ಲರೂ ನಕ್ಕರು, ನಾನೂ ನಕ್ಕೆ. ಅವರ ಮಾತಿನ ಧಾಟಿಯೇ ಹಾಗೆ. ನೀನು ಅದನ್ನೇ ಮನಸ್ಸಿಗೆ ಹಚ್ಚಿಕೊಂಡು ಆ ವಾರವೇ ಪೆಟ್ಟಿಗೆ ಕಟ್ಟಿದೆ.

ಹೋದ ತಿಂಗಳು ಅದರೊಳಗೆ ವೈರಸ್ ಹೊಕ್ಕಿತು. ಬೆಳಿಗ್ಗೆ ಲ್ಯಾಬ್ ತೆರೆದರೆ ಪರದೆಯೆಲ್ಲ ಕೆಂಪು, ಒಂದು ಫೈಲೂ ತೆರೆಯದು, ಯಂತ್ರ ಕಲ್ಲಿನ ಹಾಗೆ ಕೂತಿತ್ತು. ಬೆಂಚಿನ ತುಂಬ ಜನ. ನಿನಗೆ ಶಾಲೆಯ ಯೂನಿಫಾರಂ ಹೊಲಿಯುತ್ತಿದ್ದ ಟೈಲರಮ್ಮನೂ ಬಂದಿದ್ದರು. ರಕ್ತ ಹೆಪ್ಪುಗಟ್ಟದಿರಲಿ ಎಂದು ಮಾತ್ರೆ ತೆಗೆದುಕೊಳ್ಳುತ್ತಿದ್ದರು, ಪಾಪ. ರಕ್ತ ತೀರಾ ತೆಳುವಾಗಿದ್ದರೆ ಮಾತ್ರೆ ತಕ್ಷಣ ನಿಲ್ಲಿಸಬೇಕಿತ್ತು. ಅವರ ಡಾಕ್ಟರು ಫೋನ್ ಮಾಡಿ ರಿಸಲ್ಟ್ ಕೇಳಿದರು. ಯಂತ್ರ ಕೆಟ್ಟಿದೆ ಎಂದರೆ ಇಡೀ ಬೆಂಚು ಎದುರಿನ ಲ್ಯಾಬಿಗೆ ಎದ್ದು ಹೋಗುತ್ತಿತ್ತು. ಅಪ್ಪ, “ಹೋದ ಸಲದ ಹಾಗೇ ಇದೆ ಡಾಕ್ಟ್ರೇ, ಏನೂ ವ್ಯತ್ಯಾಸ ಇಲ್ಲ” ಅಂದರು. ಮಾತ್ರೆ ಮುಂದುವರಿಯಿತು. ಅದೇ ವಾರ ಮೆದುಳಿನಲ್ಲಿ ರಕ್ತ ಸೋರಿ, ಅರ್ಧ ಹೊಲಿದ ರವಿಕೆಯ ತೋಳಿನ ಮೇಲೆ ತಲೆಯಿಟ್ಟು ಹೋಗಿಬಿಟ್ಟರು.

ಅವರ ಗಂಡ ಲ್ಯಾಬಿಗೆ ಬಂದು ಜಗಳವಾಡಲಿಲ್ಲ. “ಟೆಸ್ಟ್ ಮಾಡಿದ್ರಾ, ಇಲ್ವಾ? ಅಷ್ಟು ಹೇಳಿ ಸಾಕು” ಎಂದು ಕೇಳುತ್ತ ಬಾಗಿಲಲ್ಲೇ ನಿಂತಿದ್ದರು. ಅಪ್ಪ ಒಳಗೆ ಹೋಗಿ ನಲ್ಲಿ ಬಿಟ್ಟು ಕೈ ತೊಳೆಯುತ್ತಲೇ ಇದ್ದರು. ಕೊನೆಗೆ ನಾನೇ ಬಾಗಿಲು ಮುಚ್ಚಿದೆ. ಈ ವಯಸ್ಸಿನಲ್ಲಿ ಅವರಿಗೆ ಇದೆಲ್ಲ ಬೇಕಿತ್ತಾ, ನೀನೇ ಹೇಳು.

ಹೋದ ಕಡೆಯಲ್ಲೆಲ್ಲ ನಿನಗೆ ಒಳ್ಳೆಯವರೇ ಸಿಗಲಿ, ತಾಯಿ. ಮೈಮೇಲೆ ಗಮನವಿರಲಿ.

ನಿನ್ನ
ಅಮ್ಮ

ಮತ್ತೆ: ಬರೆಯುವುದು ಮರೆತೆ. ಟೈಲರಮ್ಮನ ಸಾವಿನ ತನಿಖೆ ಮಾಡುತ್ತಿರುವವರು ಈ ವಾರ ನಿನ್ನ ಆಸ್ಪತ್ರೆಗೇ ಬರುತ್ತಾರೆ. ಕಂಪ್ಯೂಟರೆಲ್ಲ ಮಗಳ ಜವಾಬ್ದಾರಿಯಾಗಿತ್ತು, ಅಪಾಯವಿದೆ ಎಂದು ಅವಳು ಒಂದು ಮಾತೂ ಹೇಳದೆ ಬಿಟ್ಟುಹೋದಳು, ಆ ಕಂಪ್ಯೂಟರ್ ಹಳೆಯ ರಿಸಲ್ಟನ್ನೇ ಹೊಸದೆಂದು ತೋರಿಸಿತು ಎಂದು ಅಪ್ಪ ಹೇಳಿದ್ದಾರೆ. ನನ್ನನ್ನು ಕೇಳಿದಾಗ ಹೌದೆಂದೆ. ನೀನು ಚಿಕ್ಕವಳು, ಕೆಲಸ ಹೋದರೆ ಇನ್ನೊಂದು ಸಿಗುತ್ತದೆ. ನನ್ನನ್ನು ಸುಳ್ಳುಗಾರ್ತಿ ಮಾಡಬೇಡ.