ಸೋಮಾರಿಗಳ ಬಂದೂಕು

ತಮ್ಮಾ,

ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವನ ಕೈಗೆ ಪೆನ್ನು ಕೊಟ್ಟು ಕೂರಿಸಿದ್ದೀಯ. ಎದುರಿಗಿದ್ದಿದ್ದರೆ ಎರಡು ಮಾತಲ್ಲಿ ಮುಗಿಯುತ್ತಿತ್ತು. ಹುಟ್ಟುವುದರಲ್ಲಿ ನನಗಿಂತ ಹಿಂದೆ ಇದ್ದವನು ಸಾಯುವುದರಲ್ಲಿ ಮುಂದೆ ಓಡಿದೆ.

ಇವತ್ತು ಬಂದೂಕಿನ ಅಂಗಡಿಗೆ ಹೋಗಿದ್ದೆ. ನನ್ನ ಹಳೆಯ ಪಂಪ್ ಬಂದೂಕು ಸವೆದುಹೋಗಿದೆ, ಅಂಥದ್ದೇ ಹೊಸದು ಬೇಕಿತ್ತು. ಅಂಗಡಿಯವಳು ಒಂದನ್ನು ಕೈಗೆ ಕೊಟ್ಟಳು. ಒಂದೊಂದು ತೋಟಾಕ್ಕೂ ಎಡಗೈಯಿಂದ ಹಿಂದಕ್ಕೆಳೆದು ಮುಂದಕ್ಕೆ ತಳ್ಳಬೇಕಲ್ಲ, ಎರಡನೇ ಸಲಕ್ಕೇ ನನ್ನ ಭುಜ ಹಿಡಿದುಕೊಂಡಿತು.

"ಅಜ್ಜ, ಸೆಮಿ ಆಟೋಮ್ಯಾಟಿಕ್ ತಗೊಳ್ಳಿ. ತೋಟಾ ತಾನೇ ತುಂಬ್ಕೊಳ್ಳತ್ತೆ" ಎಂದಳು.

"ಅದು ಸೋಮಾರಿಗಳ ಬಂದೂಕು ಕಣಮ್ಮ."

"ಸೋಮಾರಿಗಳು ಮನೇಲಿ ಮಲಗಿರ್ತಾರೆ ಅಜ್ಜ. ಇದನ್ನ ತಗೊಳ್ಳೋರು ಕೈ ನೋಯೋರು."

ಎರಡನ್ನೂ ಕೊಳ್ಳದೆ ಬಂದೆ.

ನೀನು ಆ ಸೆಮಿ ಆಟೋಮ್ಯಾಟಿಕ್ ಕೊಂಡ ವರ್ಷ ಅಂಗಿಯ ಗುಂಡಿಯನ್ನು ಒಂದೇ ಕೈಯಲ್ಲಿ ಹಾಕಿಕೊಳ್ಳುತ್ತಿದ್ದೆ. ನಾನು ನೋಡಿದ್ದೆ. ಆದರೂ ಹಾರುವ ಮಣ್ಣಿನ ಬಿಲ್ಲೆಗಳಿಗೆ ಗುರಿಯಿಡುವ ಮೈದಾನದಲ್ಲಿ, ಎಲ್ಲರೆದುರು, ನಿನ್ನನ್ನು ಸೋಮಾರಿ ಎಂದೆ. ನೀನು ನಕ್ಕು ಬಂದೂಕನ್ನು ಚೀಲಕ್ಕೆ ಹಾಕಿದೆ. ಆಮೇಲೆ ಮೈದಾನಕ್ಕೆ ಬರಲೇ ಇಲ್ಲ.

"ಅವರದ್ದನ್ನೇ ಇಟ್ಕೊಳ್ಳಿ ಭಾವ, ಸುಮ್ನೆ ಬಿದ್ದಿದೆ" ಎನ್ನುತ್ತಾಳೆ ನಿನ್ನ ಹೆಂಡತಿ. ಅವಳು ಹೇಳಿದರೆ ಆಯಿತೇ, ವಸ್ತು ನಿನ್ನದು. ಭಾನುವಾರ ಪಂದ್ಯ ಇದೆ. ಅದನ್ನು ನಾನು ಮುಟ್ಟಬಹುದೋ ಇಲ್ಲವೋ, ಶನಿವಾರದೊಳಗೆ ಹೇಳು.